ಜರಾಯು ಗೋಡೆಯಲ್ಲ: ಹತ್ತನೇ ತರಗತಿಗೊಂದು ಪಾಠ

ಸಂತಾನೋತ್ಪತ್ತಿ ಪಾಠದಲ್ಲಿ ಜರಾಯುವಿಗೆ ಸಿಗುವುದು ಕೆಲವೇ ಸಾಲು. ‘ತಾಯಿಯಿಂದ ಭ್ರೂಣಕ್ಕೆ ಆಹಾರ, ಆಮ್ಲಜನಕ ಒದಗಿಸುವ ಅಂಗಾಂಶ’ ಎಂದು ಬರೆಸಿ ಪ್ರಶಿಕ್ಷಣಾರ್ಥಿಗಳು ಮುಂದಕ್ಕೆ ಹೋಗುತ್ತಾರೆ. ಹೊಳವನಹಳ್ಳಿ ಸುತ್ತಿನ ಮಕ್ಕಳಿಗೆ ಈ ಅಂಗ ಹೊಸದೇನಲ್ಲ. ಹಸು ಕರು ಹಾಕಿದ ಮೇಲೆ ‘ಕಸ ಬಿತ್ತಾ?’ ಎಂದು ಮನೆಯವರು ಕೇಳುವುದನ್ನು ಅವರು ಕೇಳಿದ್ದಾರೆ. ಆ ಮಾತಿನಿಂದಲೇ ಪೀಠಿಕೆ ಹಾಕಬಹುದು.

ಉದ್ದೇಶ

ತಾಯಿಯ ರಕ್ತವೂ ಭ್ರೂಣದ ರಕ್ತವೂ ನೇರವಾಗಿ ಬೆರೆಯುವುದಿಲ್ಲ. ಇದನ್ನು ಕಲಿತ ವಿದ್ಯಾರ್ಥಿ, ತಾಯಿ ನುಂಗಿದ ಮಾತ್ರೆ ಮಗುವನ್ನು ಮುಟ್ಟುವುದಿಲ್ಲ ಎಂದುಕೊಳ್ಳುವ ಸಂಭವವಿದೆ. ಈ ತಪ್ಪು ತಿಳಿವಳಿಕೆಯನ್ನು ತಿದ್ದುವುದೇ ಪಾಠದ ಉದ್ದೇಶ.

ಚಟುವಟಿಕೆ

ಅನ್ನ ಬಸಿದ ಗಂಜಿಯನ್ನು ತಣಿಸಿ, ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಿಗಿಯಾಗಿ ಕಟ್ಟಿ. ಚೀಲದ ಹೊರಮೈಯನ್ನು ತೊಳೆಯಿರಿ. ಲೋಟದ ನೀರಿಗೆ ಅಯೋಡಿನ್ ದ್ರಾವಣದ ಕೆಲವು ಹನಿ ಹಾಕಿ, ಚೀಲವನ್ನು ಅದರಲ್ಲಿ ಮುಳುಗಿಸಿಡಿ. ತರಗತಿ ಮುಗಿಯುವ ಹೊತ್ತಿಗೆ ಚೀಲದೊಳಗಿನ ಗಂಜಿ ನೀಲಿಗಪ್ಪಾಗುತ್ತದೆ. ಹೊರಗಿನ ನೀರು ಕಂದಾಗಿಯೇ ಉಳಿಯುತ್ತದೆ. ಅಯೋಡಿನ್‌ನ ಸಣ್ಣ ಕಣ ಒಳಗೆ ದಾಟಿತು, ಪಿಷ್ಟದ ದೊಡ್ಡ ಅಣು ಹೊರಗೆ ಬರಲಿಲ್ಲ.

ಜರಾಯುವಿನಲ್ಲೂ ಹೀಗೆಯೇ. ಅಣುತೂಕ ಸುಮಾರು 500ಕ್ಕಿಂತ ಕಡಿಮೆಯಿರುವ, ಕೊಬ್ಬಿನಲ್ಲಿ ಕರಗುವ ಔಷಧಗಳು ಸುಲಭವಾಗಿ ದಾಟುತ್ತವೆ. ಮದ್ಯಸಾರದ್ದು 46, ನಿಕೋಟಿನ್‌ನದು 162. ಇನ್ಸುಲಿನ್, ಹೆಪಾರಿನ್‌ಗಳಂಥ ದೊಡ್ಡ ಅಣುಗಳು ಹೆಚ್ಚುಕಡಿಮೆ ತಾಯಿಯಲ್ಲೇ ಉಳಿಯುತ್ತವೆ.

ಮಾದರಿಯ ಮಿತಿಯನ್ನೂ ಹೇಳಬೇಕು. ಚೀಲ ನಿರ್ಜೀವ, ಜರಾಯು ಜೀವಂತ. ಗಾತ್ರದಲ್ಲಿ ಬಹಳ ದೊಡ್ಡದಾದ ತಾಯಿಯ ಪ್ರತಿಕಾಯಗಳನ್ನು ಅದು ತಾನೇ ಹಿಡಿದು ಮಗುವಿಗೆ ದಾಟಿಸುತ್ತದೆ.

ಚರಿತ್ರೆಯ ಪಾಠ

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರುಕಟ್ಟೆಗೆ ಬಂತು. ಬಸುರಿಯರು ವಾಂತಿ, ವಾಕರಿಕೆಗೂ ಅದನ್ನು ನುಂಗಿದರು. ಕೈಕಾಲು ಸರಿಯಾಗಿ ಬೆಳೆಯದ ಶಿಶುಗಳು ಹುಟ್ಟತೊಡಗಿದವು. ವಿಡುಕಿಂಡ್ ಲೆಂಟ್ಸ್ ಎಂಬ ಮಕ್ಕಳ ವೈದ್ಯರು ಮಾತ್ರೆಗೂ ಇದಕ್ಕೂ ಇರುವ ನಂಟನ್ನು ತೋರಿಸಿದ ಮೇಲೆ, 1961ರ ನವೆಂಬರಿನಲ್ಲಿ ಅದನ್ನು ಅಲ್ಲಿನ ಮಾರುಕಟ್ಟೆಯಿಂದ ಹಿಂತೆಗೆದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಅಧಿಕಾರಿ ಸಾಕಷ್ಟು ಪುರಾವೆ ಇಲ್ಲವೆಂದು ಅನುಮತಿ ಕೊಡದೆ ತಡೆದಿದ್ದರು. ಹೆಚ್ಚಿನ ಹಾನಿ ಆದದ್ದು ಗರ್ಭ ನಿಂತ ನಾಲ್ಕೈದು ವಾರಗಳಲ್ಲಿ, ಅಂದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂದು ಗೊತ್ತಾಗುವ ಹೊತ್ತಿಗೆ.

ನಮ್ಮ ಊರಿನ ಮಾತು

ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ರೂಢಿ ನಮ್ಮಲ್ಲಿದೆ. ಬೀಡಿ ಸೇದದಿದ್ದರೂ ನಿಕೋಟಿನ್ ಮಗುವಿಗೆ ಮುಟ್ಟುತ್ತದೆ. ಮುಂಬೈಯಲ್ಲಿ 1,217 ಗರ್ಭಿಣಿಯರನ್ನು ಅನುಸರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸಿದ ತಾಯಂದಿರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು. ಪಾವಗಡ, ಶಿರಾ ಕಡೆಯ ಮಕ್ಕಳು ಕೊಳವೆಬಾವಿ ನೀರಿನ ಫ್ಲೋರೈಡ್ ಬಗ್ಗೆ ಕೇಳಬಹುದು. ಅದೂ ಜರಾಯುವನ್ನು ದಾಟುತ್ತದೆ.

ಎಚ್ಚರಿಕೆ

ಈ ಪಾಠ ಭಯ ಹುಟ್ಟಿಸಬಾರದು. ‘ಯಾವ ಮಾತ್ರೆಯೂ ಬೇಡ’ ಎಂಬ ತೀರ್ಮಾನಕ್ಕೆ ಮಕ್ಕಳು ಬಂದರೆ ಪಾಠ ಸೋತಂತೆ. ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ಬಸುರಿಗೆ ಬೇಕೇ ಬೇಕು. ಮೂರ್ಛೆರೋಗದ ಮಾತ್ರೆಯನ್ನು ತಾನಾಗಿಯೇ ನಿಲ್ಲಿಸಿದರೆ ತಾಯಿಗೂ ಮಗುವಿಗೂ ಅಪಾಯ. ಅದನ್ನು ಬದಲಿಸುವುದು ವೈದ್ಯರ ಕೆಲಸ. ಅಂಗಡಿಯಿಂದ ಕೇಳಿ ತಂದ ಮಾತ್ರೆ ಬೇಡ, ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿ ಎಂಬುದೇ ಸಾರ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಂಗವಿಕಲತೆಯಿರುವ ಮಗುವೋ, ಅಂಥ ತಮ್ಮ ತಂಗಿಯಿರುವವರೋ ಅದೇ ತರಗತಿಯಲ್ಲಿ ಕೂತಿರಬಹುದು. ‘ನಮ್ಮಮ್ಮ ಏನೋ ತಿಂದಿದ್ದರಿಂದ ಹೀಗಾಯಿತಾ?’ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುತ್ತದೆ. ಹುಟ್ಟಿನಿಂದ ಬರುವ ನ್ಯೂನತೆಗಳಲ್ಲಿ ಬಹುಪಾಲಿಗೆ ಖಚಿತ ಕಾರಣ ತಿಳಿಯುವುದಿಲ್ಲ ಎಂಬುದನ್ನು, ಅವರು ಕೇಳುವ ಮೊದಲೇ ಸ್ಪಷ್ಟವಾಗಿ ಹೇಳಿ. ಥಾಲಿಡೊಮೈಡ್ ನುಂಗಿದ ತಾಯಂದಿರೂ ಅದು ಸುರಕ್ಷಿತವೆಂಬ ಮಾತನ್ನು ನಂಬಿದ್ದವರೇ. ವಿರೂಪಗೊಂಡ ಶಿಶುಗಳ ಚಿತ್ರ ತೋರಿಸುವ ಅಗತ್ಯವಿಲ್ಲ.

ಮೌಲ್ಯಮಾಪನ

1. ರಕ್ತ ಬೆರೆಯದಿದ್ದರೂ ನಿಕೋಟಿನ್ ಭ್ರೂಣವನ್ನು ತಲುಪುವುದು ಹೇಗೆ?
2. ಪ್ಲಾಸ್ಟಿಕ್ ಚೀಲಕ್ಕೂ ಜರಾಯುವಿಗೂ ಇರುವ ಒಂದು ವ್ಯತ್ಯಾಸ ಬರೆಯಿರಿ.
3. ಬಸುರಿ ಅಕ್ಕನಿಗೆ ತಲೆನೋವು. ಮನೆಯಲ್ಲಿ ಹಳೆಯ ಮಾತ್ರೆ ಇದೆ. ನೀವು ಏನು ಹೇಳುತ್ತೀರಿ, ಏಕೆ?

ಮೂರನೆಯ ಉತ್ತರದಲ್ಲಿ ‘ಏಕೆ’ ಎಂಬುದಕ್ಕೆ ಕಾರಣ ಬಂದಿದ್ದರೆ ಪಾಠ ಮುಟ್ಟಿದೆ ಎಂದು ತಿಳಿಯಿರಿ.