ಸಂಬಳದ ಚೀಟಿಯಿಂದ ಕಿರಾಣಿ ಅಂಗಡಿಯವರೆಗೆ

ಕಾರ್ಮಿಕರ ಹಕ್ಕು ಎಂದ ಕೂಡಲೇ ಹೊಸಬರಿಗೆ ನೆನಪಾಗುವುದು ಕೆಂಬಾವುಟ, ಧಿಕ್ಕಾರದ ಕೂಗು, ಮೇ ಒಂದರ ರಜೆ. ನಾನು ಮಾತ್ರ ಈ ಪಾಠವನ್ನು ಸಂಬಳದ ಚೀಟಿಯಿಂದ ಶುರು ಮಾಡುತ್ತೇನೆ. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳ ಚೀಟಿ ನಿಮ್ಮ ಕೈಲಿದೆ ಎಂದುಕೊಳ್ಳಿ.

ಮೊದಲ ಸಾಲಲ್ಲಿ ಮೂಲ ವೇತನ, ಅದರ ಕೆಳಗೆ ತುಟ್ಟಿಭತ್ಯೆ. ಇವೆರಡೂ ಕೂಡಿ ಸರ್ಕಾರ ಆ ಕೆಲಸಕ್ಕೆ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕೆಳಗಿಳಿಯುವಂತಿಲ್ಲ. ಈ ಕನಿಷ್ಠವನ್ನು ಯಾರೋ ಬಾಯಿಗೆ ಬಂದಂತೆ ಹೇಳುವುದಿಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೊಂದು ಸೂತ್ರ ಹಾಕಿಕೊಟ್ಟಿತು. ಒಬ್ಬರ ದುಡಿಮೆಯಲ್ಲಿ ಮೂರು ಪಾಲಿನ ಊಟ ನಡೆಯಬೇಕು, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಸಿಗಬೇಕು, ಮನೆ ಬಾಡಿಗೆ ಹುಟ್ಟಬೇಕು, ಸೌದೆ ದೀಪ ಮುಂತಾದವಕ್ಕೆ ಒಟ್ಟು ಮೊತ್ತದಲ್ಲಿ ಶೇ. 20 ಇರಬೇಕು. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು ಇವಕ್ಕೂ ಶೇ. 25 ಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅಕ್ಕಿ ಬೇಳೆ ಎಲ್ಲಿ ಕೊಳ್ಳುತ್ತಾರೆ? ಬಾಡಿಗೆ ಯಾರ ಕೈಗೆ ಹೋಗುತ್ತದೆ? ಬಟ್ಟೆ, ಮೆಡಿಕಲ್ ಸ್ಟೋರ್, ಮಕ್ಕಳ ಟ್ಯೂಷನ್? ಹೆಚ್ಚಿನವು ಕಾರ್ಖಾನೆಯ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲೇ ಇವೆ. ಲಕ್ಷಗಟ್ಟಲೆ ಸಂಪಾದಿಸುವವರು ಉಳಿದದ್ದನ್ನು ಷೇರಿಗೋ ಸೈಟಿಗೋ ಹಾಕುತ್ತಾರೆ. ಕಡಿಮೆ ಸಂಬಳದವರ ಕೈಯಲ್ಲಿ ಉಳಿಯುವುದೇ ಇಲ್ಲ, ಬಂದ ವಾರದಲ್ಲೇ ಓಣಿಯಲ್ಲಿ ಖರ್ಚಾಗುತ್ತದೆ. ತುಸು ಮಿಕ್ಕರೆ ಊರಿನಲ್ಲಿರುವ ಅಪ್ಪ ಅಮ್ಮನಿಗೆ. ಅರ್ಥಶಾಸ್ತ್ರಜ್ಞರು ಇದಕ್ಕೆ ದೊಡ್ಡ ಹೆಸರಿಟ್ಟಿದ್ದಾರೆ. ಉದ್ರಿ ಪುಸ್ತಕ ಬರೆಯುವ ಅಂಗಡಿಯವರಿಗೆ ಆ ಹೆಸರಿನ ಅಗತ್ಯವಿಲ್ಲ, ವಿಷಯ ಮೊದಲೇ ಗೊತ್ತು.

ಈಗ ತುಟ್ಟಿಭತ್ಯೆಗೆ ಬರೋಣ. ಬೆಲೆ ಏರಿದಂತೆ ಸಂಬಳವೂ ಏರಲಿ ಎಂದು ಇರುವ ಏರ್ಪಾಡು ಇದು. ಕರ್ನಾಟಕದಲ್ಲಿ ಬೆಲೆ ಸೂಚ್ಯಂಕ ನೋಡಿ ಪ್ರತಿ ಏಪ್ರಿಲ್ 1ರಿಂದ ಪರಿಷ್ಕರಿಸುತ್ತಾರೆ. 2020ರಲ್ಲಿ ಗಾರ್ಮೆಂಟ್ಸ್‌ನವರಿಗೆ ಸೇರಬೇಕಿದ್ದ ಏರಿಕೆ ತಿಂಗಳಿಗೆ ಸುಮಾರು 417 ರೂಪಾಯಿ. ಕೊರೊನಾ ಕಾರಣ ಕೊಟ್ಟು ಸರ್ಕಾರ ಅದನ್ನು ಮುಂದೂಡಿತು. ಸಂಘಗಳು ಹೈಕೋರ್ಟಿಗೆ ಹೋದವು, ಕೊಡಲೇಬೇಕೆಂದು ಕೋರ್ಟು ಹೇಳಿದ ಮೇಲೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ದೊಡ್ಡ ಕಂಪನಿಗಳು ಬಾಕಿ ಸಮೇತ ತೀರಿಸಲು ಒಪ್ಪಿದ್ದು 2022ರ ಹೊತ್ತಿಗೆ.

417 ರೂಪಾಯಿ ಯಾವ ಮಹಾ ಎನ್ನಬೇಡಿ. ಇದು ತಟ್ಟಿದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಎಂಬುದು ಕಾರ್ಮಿಕ ಸಂಘಟನೆಗಳ ಲೆಕ್ಕ. ಗುಣಿಸಿ ನೋಡಿ, ತಿಂಗಳಿಗೆ ಹದಿನಾರು ಕೋಟಿ ರೂಪಾಯಿಗೂ ಮೇಲೆ. ಲಾಕ್‌ಡೌನಿನಲ್ಲಿ ವ್ಯಾಪಾರವಿಲ್ಲದೆ ಕೂತಿದ್ದ ಸಣ್ಣ ಅಂಗಡಿಗಳಿಗೆ ತಿಂಗಳು ತಿಂಗಳೂ ಬರಬೇಕಿದ್ದ ಹಣ ಅದು. ಅವರಿಗೆ ಸಾಲಮೇಳ ಮಾಡುವುದಕ್ಕಿಂತ ಈ ಭತ್ಯೆಯನ್ನು ಕೊಡಿಸಿದ್ದರೆ ಹೆಚ್ಚು ಕೆಲಸವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಚೀಟಿಯ ಕಡಿತದ ಭಾಗದಲ್ಲಿ ಪಿಎಫ್ ಇದೆ. ಕೆಲಸಗಾರರದು ಶೇ. 12, ಮಾಲೀಕರದೂ ಅಷ್ಟೇ. ಮಾಲೀಕರ ಪಾಲನ್ನು 58 ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು, ಮರುದಿನವೇ ಸರ್ಕಾರ ನಿಯಮ ಕೈಬಿಟ್ಟಿತು. ಮಗಳ ಕಾಲೇಜಿಗೂ ಮನೆಯ ಸೂರಿಗೂ ಅವರು ನೆಚ್ಚಿಕೊಂಡಿದ್ದ ದುಡ್ಡೇ ಅದು.

ಸಂಬಳ ಏರಿಸಿದರೆ ಕಾರ್ಖಾನೆ ಬೇರೆ ಊರಿಗೆ ಹೋಗುತ್ತದಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೂಲಿ ಕಡಿಮೆಯಿರುವ ಕಡೆಗೆ ಕೆಲವು ಹೋಗಿರುವುದೂ ನಿಜ. ಮಾಲೀಕರೂ ಹೊರದೇಶದ ಬ್ರ್ಯಾಂಡುಗಳು ಹೇಳಿದ ದರಕ್ಕೆ ತಲೆಯಾಡಿಸಬೇಕಾದವರೇ. ಆದರೆ ಷರ್ಟಿನ ಮಾರಾಟದ ಬೆಲೆಯಲ್ಲಿ ಹೊಲಿದವರ ಕೂಲಿ ತೀರಾ ಸಣ್ಣ ಪಾಲು. ಅದನ್ನೇ ಹಿಂಡುತ್ತಾ ಹೋದರೆ ಊರಿಗೆ ಕಾರ್ಖಾನೆ ಬಂದೂ ಪೇಟೆ ಬೆಳೆಯುವುದಿಲ್ಲ.

2025ರ ನವೆಂಬರ್ 21ರಂದು ವೇತನ ಸಂಹಿತೆ ಜಾರಿಯಾಗಿ, 1948ರ ಕನಿಷ್ಠ ವೇತನ ಕಾಯ್ದೆ ಅದರಲ್ಲಿ ಸೇರಿಹೋಗಿದೆ. ಕಾಯ್ದೆ ಬದಲಾದರೂ ಓವರ್‌ಟೈಮಿಗೆ ದುಪ್ಪಟ್ಟು ಕೂಲಿ ಎಂಬ ನಿಯಮ ಉಳಿದಿದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಾರ್ಖಾನೆಗೆ ಹೋಗುವವರಿದ್ದರೆ, ಬರುವ ಏಪ್ರಿಲ್‌ನ ಚೀಟಿಯನ್ನು ಮಾರ್ಚಿನದರ ಪಕ್ಕದಲ್ಲಿಟ್ಟು ತುಟ್ಟಿಭತ್ಯೆಯ ಸಾಲನ್ನು ಹೋಲಿಸಿ ನೋಡಿ. ಅಂಕಿ ಕದಲದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಒಂದು ಅರ್ಜಿ ಬರೆದುಕೊಡಲು ನೆರವಾಗಿ.