ಚಂದಾ ಕೊಟ್ಟು ಕೊಳ್ಳುವ ನಕಾಶೆ: ಬೆಟ್ಟ ಹತ್ತುವವರು ತಿಳಿದಿರಬೇಕಾದ ಕೆಲವು ಸಂಗತಿಗಳು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಿಗೆ ವಾರದಲ್ಲಿ ದೊರೆಯುವ ಬಿಡುವೆಂದರೆ ಒಂದು ಭಾನುವಾರ. ಆ ದಿನ ನಸುಕಿನ ಗಾಡಿ ಹಿಡಿದು ಆಸನಗಾಂವದ ಮಾಹುಲಿಗೋ, ಕಲ್ಯಾಣದ ಬಳಿಯ ಮಲಂಗಗಡಕ್ಕೋ, ನೇರಳದ ಮೇಲಿನ ಪೇಬ್ ಕೋಟೆಗೋ, ಪನವೇಲದಾಚೆಯ ಕರ್ನಾಳಾ, ಪ್ರಬಲಗಡಗಳಿಗೋ ಹೋಗಿಬರುವ ತರುಣರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹೀಗೆ ಹೋಗುವವರಿಗೆಲ್ಲ ಒಂದು ಪ್ರಶ್ನೆ ಏಳುತ್ತದೆ: ದಾರಿ ತೋರಿಸುವ ನಕಾಶೆಯ ಆ್ಯಪುಗಳು ಹಲವಿವೆ, ಎಲ್ಲವೂ ವರ್ಷದ ಚಂದಾ ಕೇಳುತ್ತವೆ, ಯಾವುದಕ್ಕೆ ದುಡ್ಡು ಕೊಡಬೇಕು? ಕೊಡುವ ಅಗತ್ಯವಾದರೂ ಇದೆಯೇ? ಸಂಬಳದಲ್ಲಿ ಊರಿಗೆ ಕಳುಹಿಸಿ, ಬಾಡಿಗೆ ಕಟ್ಟಿ, ಉಳಿದುದರಲ್ಲಿ ಖರ್ಚು ಮಾಡುವವರು ಇದನ್ನು ವಿಚಾರಿಸಿ ನೋಡುವುದು ಒಳ್ಳೆಯದು.

೧. ನಾವು ಕೊಳ್ಳುವುದಾದರೂ ಏನನ್ನು?

ನಕಾಶೆಯ ಆ್ಯಪಿನಲ್ಲಿ ಮೂರು ಅಂಗಗಳಿವೆ. ಮೊದಲನೆಯದು, ನಾವು ಎಲ್ಲಿದ್ದೇವೆ ಎಂಬ ತಿಳಿವಳಿಕೆ. ಇದು ಉಪಗ್ರಹಗಳಿಂದ ಬರುತ್ತದೆ. ಇದಕ್ಕೆ ಯಾರೂ ದುಡ್ಡು ಕೇಳುವಂತಿಲ್ಲ. ಅಮೆರಿಕೆಯು ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಇರಿಸಿದ್ದ ತಪ್ಪನ್ನು ೨೦೦೦ದ ಮೇ ತಿಂಗಳಲ್ಲಿ ತೆಗೆದುಹಾಕಿತು. ಅಂದಿನಿಂದ, ಬಯಲಿನಲ್ಲಿ ನಿಂತವನಿಗೆ ಸುಮಾರು ೫ ಮೀಟರಿನೊಳಗೆ ತನ್ನ ಜಾಗ ತಿಳಿಯುತ್ತದೆ. ಕಡಿದಾದ ಬಂಡೆಯ ಬುಡದಲ್ಲಿ, ದಟ್ಟವಾದ ಮರಗಳ ಕೆಳಗೆ ಈ ತಪ್ಪು ಹೆಚ್ಚುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಈ ಕೆಲಸ ನಡೆಯುತ್ತದೆಂಬುದು ಮುಖ್ಯ.

ಎರಡನೆಯದು ನಕಾಶೆ. ಇಂದಿನ ಹೆಚ್ಚಿನ ಚಾರಣ-ಆ್ಯಪುಗಳು ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಪ್ರಾರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕಾಶೆಯನ್ನೇ ಬಳಸುತ್ತವೆ. ಸಾವಿರಾರು ಸ್ವಯಂಸೇವಕರು ಸೇರಿ ಬರೆದ ಈ ನಕಾಶೆಯಲ್ಲಿ ಯಾರು ಬೇಕಾದರೂ ತಮ್ಮ ಹಳ್ಳಿಯ ಕಾಲುದಾರಿಯನ್ನು ಸೇರಿಸಬಹುದು. ಆದುದರಿಂದ ಒಂದು ಆ್ಯಪಿನಲ್ಲಿ ಕಾಣದ ದಾರಿ ಇನ್ನೊಂದರಲ್ಲಿ ದುಡ್ಡು ಕೊಟ್ಟೊಡನೆ ಕಂಡೀತೆಂದು ನಂಬಬಾರದು. ಎರಡೂ ಒಂದೇ ಬಾವಿಯ ನೀರು.

ಮೂರನೆಯದು ಜಾಡು; ಅಂದರೆ ಹಿಂದೆ ನಡೆದವರು ಫೋನಿನಲ್ಲಿ ದಾಖಲಿಸಿಟ್ಟ ದಾರಿ. ಈ ವಿಷಯದಲ್ಲಿ ಮಾತ್ರ ಆ್ಯಪಿನಿಂದ ಆ್ಯಪಿಗೆ ನಿಜವಾದ ವ್ಯತ್ಯಾಸವಿದೆ.

ಹೀಗೆ ನೋಡಿದರೆ ಚಂದಾದ ಹಣ ಬಹುಮಟ್ಟಿಗೆ ಹೋಗುವುದು ಅನುಕೂಲತೆಗೆ: ನಕಾಶೆಯನ್ನು ಮುಂಚೆಯೇ ಇಳಿಸಿಟ್ಟುಕೊಳ್ಳುವುದು, ದಾರಿ ತಪ್ಪಿದರೆ ಗಂಟೆ ಬಾರಿಸುವುದು, ಬೇರೊಬ್ಬರ ಜಾಡನ್ನು ಹಿಡಿದು ನಡೆಸುವುದು.

೨. ಯಾವುದರಲ್ಲಿ ಏನಿದೆ?

ಆರ್ಗ್ಯಾನಿಕ್ ಮ್ಯಾಪ್ಸ್ ಎಂಬುದು ದುಡ್ಡಿಲ್ಲದ, ಜಾಹೀರಾತಿಲ್ಲದ ಆ್ಯಪು. ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಕೊಂಡರೆ ಸಂಪರ್ಕವಿಲ್ಲದ ಕಣಿವೆಯಲ್ಲಿಯೂ ಕೆಲಸ ಮಾಡುತ್ತದೆ. ಓಎಸ್‌ಎಂಎಂಡ್ ಇದಕ್ಕಿಂತ ವಿವರವುಳ್ಳದ್ದು. ಆದರೆ ಕಲಿಯಲು ಸ್ವಲ್ಪ ತಾಳ್ಮೆ ಬೇಕು, ಉಚಿತವಾಗಿ ಇಳಿಸಬಹುದಾದ ನಕಾಶೆಗಳಿಗೆ ಮಿತಿಯೂ ಇದೆ. ಸ್ಪೇನ್ ದೇಶದಲ್ಲಿ ೨೦೦೬ರಲ್ಲಿ ಹುಟ್ಟಿದ ವಿಕಿಲಾಕ್‌ನಲ್ಲಿ ಸಹ್ಯಾದ್ರಿಯ ಜಾಡುಗಳು ಧಾರಾಳವಾಗಿ ದೊರೆಯುತ್ತವೆ. ಅವನ್ನು ನೋಡಲು ದುಡ್ಡು ಬೇಡ. ಫೋನಿನಲ್ಲಿ ಹಿಂಬಾಲಿಸಲು, ತಪ್ಪಿದಾಗ ಎಚ್ಚರಿಕೆ ಪಡೆಯಲು ಚಂದಾ ಬೇಕು. ಆಲ್‌ಟ್ರೇಲ್ಸ್‌ನಲ್ಲಿ ನಕಾಶೆ ಇಳಿಸಿಕೊಳ್ಳುವುದಕ್ಕೇ ಚಂದಾ ಬೇಕು. ಗಾಯಾ ಜಿಪಿಎಸ್‌ನ ಚಂದಾದಾರರಿಗೆ ದೊರೆಯುವ ವಿಶೇಷ ನಕಾಶೆಗಳಲ್ಲಿ ಹೆಚ್ಚಿನವು ಉತ್ತರ ಅಮೆರಿಕೆಯ ಕಾಡುಗಳವು. ಮುರಬಾಡದ ಗೋರಖಗಡಕ್ಕೆ ಹೋಗುವವನಿಗೆ ಅವುಗಳಿಂದ ಪ್ರಯೋಜನವಿಲ್ಲ. ಗೂಗಲ್ ಮ್ಯಾಪ್ಸನ್ನು ಎಲ್ಲರೂ ಬಲ್ಲರು. ನಿಲ್ದಾಣದಿಂದ ಬುಡದ ಹಳ್ಳಿಯವರೆಗೆ ಅದು ಉತ್ತಮ. ಆದರೆ ಇಳಿಸಿಟ್ಟ ಪ್ರದೇಶದಲ್ಲಿ ಅದು ವಾಹನದ ದಾರಿಯನ್ನು ಹೇಳುತ್ತದೆಯೇ ಹೊರತು ನಡಿಗೆಯ ದಾರಿಯನ್ನಲ್ಲ.

ಇನ್ನೊಂದು ಮಾತು. ಆ್ಯಪುಗಳ ಒಡೆತನ ಬದಲಾಗುತ್ತದೆ. ಗಾಯಾವನ್ನು ೨೦೨೧ರಲ್ಲಿ ಔಟ್‌ಸೈಡ್ ಕಂಪನಿಯೂ, ಜರ್ಮನಿಯ ಕೊಮೂಟನ್ನು ೨೦೨೫ರ ಮಾರ್ಚಿನಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯೂ ಕೊಂಡುವು. ಒಡೆಯ ಬದಲಾದರೆ ಕರಾರೂ ಬದಲಾಗಬಹುದು. ಆದುದರಿಂದ ನಾವು ನಡೆದ ಜಾಡುಗಳನ್ನು ಜಿಪಿಎಕ್ಸ್ ಎಂಬ ಕಡತವಾಗಿ ಹೊರತೆಗೆದುಕೊಳ್ಳಲು ಬಿಡುವ ಆ್ಯಪನ್ನೇ ಆರಿಸಬೇಕು. ಆ ಕಡತವನ್ನು ಬೇರೆ ಆ್ಯಪುಗಳೂ ಓದಬಲ್ಲವು.

೩. ಸಮೋನ್ನತಿ ರೇಖೆಗಳನ್ನು ಓದುವುದು

ಶಾಲೆಯ ಭೂಗೋಳದಲ್ಲಿ ಈ ರೇಖೆಗಳನ್ನು ಕಲಿತವರು ಮರೆತಿರಬಹುದು. ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆ ಇದು. ಗೆರೆಗಳು ದೂರ ದೂರವಿದ್ದರೆ ನೆಲ ಸಮ, ಒತ್ತಾಗಿದ್ದರೆ ಕಡಿದು. ಭಾರತೀಯ ಸರ್ವೇಕ್ಷಣ ಇಲಾಖೆಯ ೧:೫೦,೦೦೦ ಪ್ರಮಾಣದ ನಕಾಶೆಗಳಲ್ಲಿ ಸಾಮಾನ್ಯವಾಗಿ ಗೆರೆಗೂ ಗೆರೆಗೂ ೨೦ ಮೀಟರು. ೩೦ ಗೆರೆ ದಾಟಿದರೆ ೬೦೦ ಮೀಟರು ಏರಿದಂತಾಯಿತು. ೧೭೬೭ರಲ್ಲಿ ಸ್ಥಾಪಿತವಾದ ಈ ಇಲಾಖೆಯ ಇತಿಹಾಸದಲ್ಲಿ ಕನ್ನಡನಾಡಿಗೂ ಸ್ಥಾನವಿದೆ. ಲ್ಯಾಂಬ್ಟನ್ ಎಂಬ ಅಧಿಕಾರಿ ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ೧೮೦೨ರಲ್ಲಿ ಮದ್ರಾಸಿನಿಂದ ಮೊದಲಾದ ಅವನ ಮಹಾ ಮೋಜಣಿ ಮಂಗಳೂರಿನ ಕರಾವಳಿಯನ್ನು ಮುಟ್ಟಿತು. ೨೦೧೭ರಲ್ಲಿ ಇಲಾಖೆಯು ತನ್ನ ಸಾರ್ವಜನಿಕ ನಕಾಶೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ದಾರಿ ತೆರೆಯಿತು.

ಆ್ಯಪುಗಳ ಎತ್ತರದ ಗೆರೆಗಳು ಸಾಮಾನ್ಯವಾಗಿ ಇಂಥ ಮೋಜಣಿಯಿಂದ ಬಂದವಲ್ಲ. ೨೦೦೦ದ ಫೆಬ್ರವರಿಯಲ್ಲಿ ಅಮೆರಿಕೆಯ ಬಾಹ್ಯಾಕಾಶ ನೌಕೆಯೊಂದು ರೇಡಾರಿನಿಂದ ಅಳೆದ ಎತ್ತರಗಳೇ ಅನೇಕ ಆ್ಯಪುಗಳಿಗೆ ಆಧಾರ. ಅದರಲ್ಲಿ ಸುಮಾರು ೩೦ ಮೀಟರ್ ಚೌಕಕ್ಕೆ ಒಂದೇ ಅಂಕೆ. ನಮ್ಮ ಸಹ್ಯಾದ್ರಿಯ ಕರಿಗಲ್ಲಿನ ಗೋಡೆಗಳಾದರೋ ಇಂಥ ಒಂದೆರಡು ಚೌಕಗಳ ಅಗಲದಲ್ಲಿ ನೇರವಾಗಿ ಕೆಳಗಿಳಿಯುತ್ತವೆ. ಕಲಾವಂತೀಣದಂಥ ಚೂಪು ಶಿಖರವು ಪರದೆಯ ಮೇಲೆ ಸಾಧಾರಣ ಗುಡ್ಡದಂತೆ ಕಾಣುವುದು ಇದರಿಂದಲೇ. ಎಷ್ಟು ಚಂದಾ ಕೊಟ್ಟರೂ ಈ ಕೊರತೆ ತುಂಬುವುದಿಲ್ಲ. ಗೆರೆಗಳು ಒತ್ತಾಗಿರುವ ಕಡೆ ಅಡ್ಡದಾರಿ ಹಿಡಿಯಬಾರದು.

೪. ಹೊತ್ತಿನ ಲೆಕ್ಕ

ಆ್ಯಪು ಹೇಳುವ ಕಾಲವನ್ನು ಕಣ್ಣುಮುಚ್ಚಿ ನಂಬದೆ ನಾವೇ ಲೆಕ್ಕ ಹಾಕುವುದು ಮೇಲು. ೧೮೯೨ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವನು ಹೇಳಿದ ಸೂತ್ರ ಸುಲಭವಾಗಿದೆ: ೫ ಕಿಲೋಮೀಟರಿಗೆ ೧ ಗಂಟೆ, ೬೦೦ ಮೀಟರ್ ಏರಿಗೆ ಮತ್ತೆ ೧ ಗಂಟೆ. ೫ ಕಿಲೋಮೀಟರ್ ದಾರಿಯಲ್ಲಿ ೬೦೦ ಮೀಟರ್ ಏರಬೇಕೆಂದಿಟ್ಟುಕೊಳ್ಳೋಣ. ಸೂತ್ರದಂತೆ ೨ ಗಂಟೆ. ನಮ್ಮ ಸೆಖೆಗೆ, ಜೊತೆಯವರ ದಣಿವಿಗೆ ಅರ್ಧ ಸೇರಿಸಿದರೆ ೩ ಗಂಟೆ. ಇಳಿಯಲು ೨, ಮೇಲೆ ಬುತ್ತಿಗೂ ವಿಶ್ರಾಂತಿಗೂ ೧. ಒಟ್ಟು ೬ ಗಂಟೆ. ನಿಲ್ದಾಣದಿಂದ ಹಳ್ಳಿಗೆ ನಡೆಯುವುದಾದರೆ ಅದು ಬೇರೆ. ಆಸನಗಾಂವದಿಂದ ಮಾಹುಲಿ ಹಳ್ಳಿಗೇ ಸುಮಾರು ೫ ಕಿಲೋಮೀಟರು. ಡಿಸೆಂಬರಿನಲ್ಲಿ ಸಂಜೆ ೬ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹಿಂದಿರುಗುವ ಗಾಡಿಯ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಹೊರಡುವ ಹೊತ್ತನ್ನು ಗೊತ್ತುಮಾಡಬೇಕು. ಸೋಮವಾರ ಬೆಳಿಗ್ಗೆ ಹಾಜರಿ ಹಾಕಬೇಕಾದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

೫. ನಕಾಶೆ ಹೇಳದ ಮಾತು

ಜಾಡು ಇದೆಯೆಂದ ಮಾತ್ರಕ್ಕೆ ಹೋಗಬಹುದೆಂದಲ್ಲ. ಡಿಸೆಂಬರಿನಲ್ಲಿ ಯಾರೋ ದಾಖಲಿಸಿದ ದಾರಿ ಜುಲೈಯಲ್ಲಿ ಉಕ್ಕುವ ಹಳ್ಳವಾಗಿರುತ್ತದೆ. ದಾಖಲಿಸಿದವನೇ ದಾರಿ ತಪ್ಪಿ ಅಲೆದಿರಬಹುದು. ಮೂರು ನಾಲ್ಕು ಜಾಡುಗಳನ್ನು, ಅವುಗಳ ತಿಂಗಳನ್ನು ಹೋಲಿಸಿ, ಎಲ್ಲವೂ ಕೂಡುವ ದಾರಿಯನ್ನೇ ಹಿಡಿಯಬೇಕು. ೨೦೨೩ರ ಜುಲೈ ೧೯ರ ರಾತ್ರಿ ಇರ್ಶಾಳಗಡದ ಮಗ್ಗುಲಿನ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದು ಆ ಬಡ ಹಳ್ಳಿಯ ಬಹಳ ಮಂದಿ ಮಣ್ಣಿನಡಿ ಸಿಕ್ಕಿ ಸತ್ತರು. ಅಲ್ಲಿ ಹುಟ್ಟಿ ಬೆಳೆದವರಿಗೇ ತಿಳಿಯದೆ ಬಂದ ಆಪತ್ತನ್ನು ಪರದೆಯ ಗೆರೆ ತಿಳಿಸೀತೆ? ಮಳೆಗಾಲದಲ್ಲಿ ಜಿಲ್ಲಾಡಳಿತವು ಜಲಪಾತ, ಕೋಟೆಗಳಿಗೆ ಹೋಗಬಾರದೆಂದು ಆಜ್ಞೆ ಹೊರಡಿಸಿದರೆ ಅದನ್ನು ಪಾಲಿಸಲೇಬೇಕು. ರಜೆಯಲ್ಲಿ ಊರಿಗೆ ಹೋದಾಗ ಕುಮಾರ ಪರ್ವತ ಹತ್ತಬೇಕೆನ್ನುವವರೂ ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಳ್ಳಬೇಕು.

೬. ಕೊಡುವುದಾದರೆ ಹೇಗೆ?

ವರ್ಷಕ್ಕೆ ಎರಡು ಮೂರು ಸಲ, ಬಲ್ಲವರ ಜೊತೆ ಹೋಗುವವರಿಗೆ ಚಂದಾ ಬೇಡ. ಉಚಿತ ನಕಾಶೆಯೊಂದನ್ನು ಇಳಿಸಿಕೊಂಡರೆ ಸಾಕು. ತಿಂಗಳಿಗೊಮ್ಮೆ ಹೋಗುವವರು, ಅದರಲ್ಲೂ ಹತ್ತು ಜನರನ್ನು ಕರೆದೊಯ್ಯುವವರು, ನಮ್ಮ ಬೆಟ್ಟಗಳ ಜಾಡುಗಳು ಹೆಚ್ಚಾಗಿರುವ ಆ್ಯಪೊಂದಕ್ಕೆ ಒಂದು ವರ್ಷದ ಚಂದಾ ಕೊಟ್ಟರೆ ದಂಡವಲ್ಲ. ಚಂದಾವನ್ನು ಹೋಗುವ ಸಲಗಳಿಂದ ಭಾಗಿಸಿ ನೋಡಿರಿ. ೧,೨೦೦ ರೂಪಾಯಿ ಕೊಟ್ಟು ೧೨ ಸಲ ಹೋದರೆ ಸಲಕ್ಕೆ ೧೦೦. ಎರಡೇ ಸಲ ಹೋದರೆ ೬೦೦.

ದುಡ್ಡು ಕೊಡುವ ಮುಂಚೆ ಪರೀಕ್ಷೆಯೊಂದನ್ನು ಮಾಡಿರಿ. ನಕಾಶೆಯನ್ನು ಮನೆಯಲ್ಲಿ ಇಳಿಸಿ, ಮೊಬೈಲ್ ಡೇಟಾ ಮುಚ್ಚಿ, ಮಲಂಗಗಡದ ಮೆಟ್ಟಿಲುಗಳಂಥ ತಿಳಿದ ದಾರಿಯಲ್ಲಿ ಒಂದು ದಿನ ನಡೆಯಿರಿ. ನಿಮ್ಮ ಚುಕ್ಕೆ ದಾರಿಯ ಮೇಲೆಯೇ ಇದೆಯೇ? ಸಂಜೆಗೆ ಬ್ಯಾಟರಿ ಎಷ್ಟು ಉಳಿಯಿತು? ಅಕ್ಷರ ಬಿಸಿಲಿನಲ್ಲಿ ಕಾಣುತ್ತದೆಯೇ? ಇವಕ್ಕೆ ಸರಿಯಾದ ಉತ್ತರ ದೊರೆತ ಮೇಲೆ ಹಣದ ಮಾತು.

ತಾನಾಗಿ ನವೀಕರಣಗೊಳ್ಳುವ ಚಂದಾದ ವಿಷಯದಲ್ಲಿ ಜಾಗರೂಕರಾಗಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂಥ ಹಣ ಕಡಿತವಾಗುವುದಕ್ಕೆ ಕನಿಷ್ಠ ೨೪ ಗಂಟೆ ಮುಂಚೆ ಸೂಚನೆ ಬರಬೇಕು. ಆ ಸಂದೇಶವನ್ನು ಓದದೆ ಅಳಿಸಬೇಡಿರಿ. ಬೇಡವಾದರೆ ಆಗಲೇ ನಿಲ್ಲಿಸಿರಿ. ಆ್ಯಪನ್ನು ಫೋನಿನಿಂದ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ.

ಕೊನೆಯದಾಗಿ, ಹೊರಡುವ ಮುನ್ನ ಎಲ್ಲಿಗೆ, ಯಾವ ಹಳ್ಳಿಯ ಮೂಲಕ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿಯೋ ಕೋಣೆಯ ಸಂಗಾತಿಯ ಬಳಿಯೋ ಕೊಟ್ಟು ಹೋಗಿರಿ. ತುರ್ತು ಸಹಾಯಕ್ಕೆ ೧೧೨ ಎಂಬ ಸಂಖ್ಯೆಯನ್ನು ನೆನಪಿಡಿರಿ. ಬುಡದ ಹಳ್ಳಿಯಲ್ಲಿ ಒಬ್ಬರನ್ನು ದಾರಿ ಕೇಳಲು ಸಂಕೋಚಪಡಬೇಡಿರಿ. ಈ ವಾರ ಯಾವ ದಾರಿ ಕುಸಿದಿದೆಯೆಂಬುದು ಅವರಿಗೆ ಗೊತ್ತಿರುತ್ತದೆ.