ಅನ್ನಕ್ಕೆ ನಿಬಂಧನೆ ಬೇಕೆ?

ತೆರಿಗೆಯ ಹಣವು ಅಮಲಿನ ಪಾಲಾಗಬಾರದೆಂಬ ಕಳವಳ ಸಹಜವಾದುದು. ಹಾಗಾದರೆ ನೆರವು ಬೇಡುವವರನ್ನೆಲ್ಲ ಪರೀಕ್ಷಿಸಬೇಕೆ? ಅಮೆರಿಕದ ಫ್ಲಾರಿಡಾ ರಾಜ್ಯವು 2011ರಲ್ಲಿ, ಮಕ್ಕಳಿರುವ ಬಡ ಕುಟುಂಬಗಳಿಗೆ ಸಹಾಯಧನ ನೀಡಲು ಮಾದಕವಸ್ತು ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಪರೀಕ್ಷೆಗೊಳಗಾದ 4,046 ಮಂದಿಯಲ್ಲಿ ಮಾದಕವಸ್ತುವಿನ ಕುರುಹು ಕಂಡುಬಂದುದು 108 ಮಂದಿಯಲ್ಲಿ ಮಾತ್ರ! ಕಾರಣವಿಲ್ಲದೆ ಎಲ್ಲರನ್ನೂ ಶಂಕಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯವು 2013ರಲ್ಲಿ ಆ ಕಾನೂನನ್ನು ರದ್ದುಪಡಿಸಿತು.

ನಮ್ಮ ದೇಶದಲ್ಲಿ ಪಡಿತರಕ್ಕೆ ಅಂತಹ ಪರೀಕ್ಷೆಯಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಂತೆ ಮನೆಯ ಹಿರಿಯ ಸ್ತ್ರೀಯೇ ಪಡಿತರ ಚೀಟಿಯ ಯಜಮಾನಿ. ಬಂಟ್ವಾಳದಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸುವ ತಾಯಿಯೊಬ್ಬಳನ್ನು ನೆನೆಯಿರಿ. ಗಂಡ ಕುಡಿಯುವನೆಂದು ಅಕ್ಕಿಯನ್ನು ನಿಲ್ಲಿಸಿದರೆ ಹಸಿಯುವವರು ಯಾರು? ಅವಳೂ ಅವಳ ಮಕ್ಕಳೂ ಅಲ್ಲವೆ?

ಆದರೆ ವ್ಯಸನವನ್ನು ಕಂಡೂ ಸುಮ್ಮನಿರಬೇಕೆಂದು ಇದರ ಅರ್ಥವಲ್ಲ. ಮೂಡುಬಿದಿರೆಯ ಬಸದಿಗಳ ಜೈನ ಪರಂಪರೆಯು ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಬಂದವರಿಗೆಲ್ಲ ಊಟವುಂಟು. 1982ರಲ್ಲಿ ಆರಂಭವಾದ ಅಲ್ಲಿಯ ಗ್ರಾಮಾಭಿವೃದ್ಧಿ ಯೋಜನೆಯು ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳಿಗೂ ನೆರವಾಗಿದೆ. ಹಸಿದವನಿಗೆ ಅನ್ನ, ವ್ಯಸನಿಗೆ ಔಷಧ, ಎರಡೂ ಸಲ್ಲಬೇಕಾದವುಗಳೇ. ಒಂದನ್ನು ಮತ್ತೊಂದರ ಬಾಗಿಲಿಗೆ ಬೀಗವಾಗಿಸುವುದು ನ್ಯಾಯವಲ್ಲ.